ಬೆಳಕು ನೀಲಿ, ಒಲೆ ಬೇರೆ

ಅಣಬೆ ಬೇಸಾಯ ಮಾಡುವವರ ಮುಂದೆ ಅಣಬೆ ನೊಣದ ಹೆಸರೆತ್ತಬಾರದು. ನೋಡಲು ಸಣ್ಣ ಕಪ್ಪು ಸೊಳ್ಳೆಯಂಥದ್ದು, ಹಾರಾಟವೂ ಅಷ್ಟಕ್ಕಷ್ಟೇ. ಆದರೆ ಅದರ ಮರಿಹುಳುಗಳು ಕಾಂಪೋಸ್ಟಿನೊಳಗೆ ಸೇರಿಕೊಂಡರೆ ಅಣಬೆಯ ಬಿಳಿ ಎಳೆಗಳನ್ನೇ ಮೇದುಬಿಡುತ್ತವೆ. ಶೆಡ್ಡಿಗೆ ಸೊಳ್ಳೆಪರದೆ ಬಿಗಿಯುವುದು, ಒಳಗೆ ಹಳದಿ ಅಂಟು ಹಾಳೆ ತೂಗುಹಾಕುವುದು ಇದರ ಕಾಟಕ್ಕೇ. ನೀರು ಹೆಚ್ಚಾದ ಹೂಕುಂಡದಿಂದ ಗುಂಪಾಗಿ ಏಳುವುದೂ ಇದೇ ಬಳಗ.

ಈ ಬಳಗದ ಒಂದು ಕವಲು ಕೆರೊಪ್ಲಾಟಿಡೆ. ಅದರಲ್ಲಿ ಕೆಲವು ಮರಿಹುಳುಗಳು ಬೆಳಗುತ್ತವೆ, ಅದೂ ನೀಲಿಯಾಗಿ. ನ್ಯೂಜಿಲೆಂಡಿನ ವೈಟೊಮೊ ಗುಹೆಗಳಿಗೆ ಪ್ರವಾಸಿಗರು ದೋಣಿ ಹತ್ತಿ ಹೋಗುವುದು ಇಂಥದ್ದೇ ಒಂದು ಹುಳುವನ್ನು ನೋಡಲು. ಅದರ ಹೆಸರು ಅರಾಕ್ನೊಕ್ಯಾಂಪ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ತೊರೆಯಂಚಿನಲ್ಲಿ ಆರ್ಫೀಲಿಯ ಇದೆ. ದಕ್ಷಿಣ ಅಮೆರಿಕದಲ್ಲಿ ಮಾತ್ರ ಇಂಥ ನೊಣವನ್ನು ಯಾರೂ ದಾಖಲಿಸಿರಲಿಲ್ಲ. ಹಸಿರು, ಹಳದಿ, ಕೊನೆಗೆ ಕೆಂಪು ಬೆಳಕಿನ ಹುಳುಗಳೂ ಇರುವ ಖಂಡವದು!

ಸಿಕ್ಕಿದ್ದು ಬ್ರೆಜಿಲಿನ ಸಾವೊ ಪಾಲೊ ರಾಜ್ಯದ ಇಪೊರಾಂಗದಲ್ಲಿ, ಬೆಟಾರಿ ನದಿಯ ಆಸುಪಾಸಿನ ಅಟ್ಲಾಂಟಿಕ್ ಕಾಡಿನಲ್ಲಿ. ಅಲ್ಲಿಗೆ ಹೋಗುತ್ತಿದ್ದ ವಿಜ್ಞಾನಿಗಳಿಗೆ ಬೇಕಿದ್ದದ್ದು ನೊಣವಲ್ಲ, ಹೊಳೆಯುವ ಅಣಬೆ. ಆ ಅಣಬೆಗಳ ಬೆಳಕು ಹಸಿರು. ಅಂಥ ಕಾಡಿನಲ್ಲಿ ಬಿದ್ದ ಕೊಂಬೆ, ದಿಮ್ಮಿಗಳ ಮೇಲೆ ನೀಲಿ ಚುಕ್ಕೆಗಳು ಕಂಡವು. ತಾನೇ ಸ್ರವಿಸಿದ ಲೋಳೆಯನ್ನು ಹೊದ್ದುಕೊಂಡ ಮರಿಹುಳು ಅದು. ಬಾಲದ ತುದಿಯಲ್ಲೊಂದು ದೀಪ, ತಲೆಯ ಹಿಂದಿನ ಮೊದಲ ಎದೆಖಂಡದ ಎರಡು ಪಕ್ಕಗಳಲ್ಲಿ ಒಂದೊಂದು. ಮುಟ್ಟಿದರೆ ಮೂರನ್ನೂ ಆರಿಸಿಬಿಡುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಹೊತ್ತಿಸುತ್ತದೆ. ನದಿಯ ಹೆಸರನ್ನೇ ಇಟ್ಟು 2019ರಲ್ಲಿ ಅದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು: ನಿಯೊಸೆರೊಪ್ಲೇಟಸ್ ಬೆಟಾರಿಯೆನ್ಸಿಸ್. ಬಾಯಿಗೆ ಕಷ್ಟ, ಆದರೆ ವಿಳಾಸ ಹೆಸರಲ್ಲೇ ಇದೆ.

ಹೊಸ ಪ್ರಭೇದವೆಂದು ಸಾರುವುದಕ್ಕೆ ಅಂಗಾಂಗಗಳ ವಿವರ ಸಾಕಾಗುತ್ತಿತ್ತು. ಇವರು ಅಲ್ಲಿಗೇ ನಿಲ್ಲದೆ ಬೆಳಕಿನ ನೆಂಟಸ್ತಿಕೆಯನ್ನೂ ಕೆದಕಿದರು. ನನ್ನ ಮಟ್ಟಿಗೆ ಇಡೀ ಕಥೆಯ ಸ್ವಾರಸ್ಯ ಇರುವುದು ಇಲ್ಲಿ.

ಜೀವಿಗಳ ಬೆಳಕಿಗೆ ಸಾಮಾನ್ಯವಾಗಿ ಎರಡು ಸಾಮಗ್ರಿ ಬೇಕು: ಉರಿಯುವ ಲೂಸಿಫೆರಿನ್, ಅದನ್ನು ಆಮ್ಲಜನಕದೊಂದಿಗೆ ಕೂಡಿಸಿ ಉರಿಸುವ ಲೂಸಿಫೆರೇಸ್ ಎಂಬ ಕಿಣ್ವ. ಫ್ರಾನ್ಸಿನ ರಫಾಯೆಲ್ ದುಬ್ವಾ 1880ರ ದಶಕದಲ್ಲೇ ಇವೆರಡನ್ನು ಬೇರ್ಪಡಿಸುವ ಸರಳ ಉಪಾಯ ಕಂಡುಕೊಂಡಿದ್ದ. ಹುಳುವನ್ನು ಅರೆದು ತಣ್ಣನೆಯ ದ್ರವದಲ್ಲಿ ಬಿಟ್ಟರೆ ಲೂಸಿಫೆರಿನ್ ಉರಿದು ಖಾಲಿಯಾಗಿ ಬೆಳಕು ಆರುತ್ತದೆ, ಕಿಣ್ವ ಮಾತ್ರ ಉಳಿಯುತ್ತದೆ. ಇನ್ನೊಂದು ಪಾಲನ್ನು ಬಿಸಿ ಮಾಡಿದರೆ ಕಿಣ್ವ ಕೆಡುತ್ತದೆ, ಲೂಸಿಫೆರಿನ್ ಉಳಿಯುತ್ತದೆ. ಎರಡೂ ಕತ್ತಲೆಯ ದ್ರವಗಳು, ಬೆರೆಸಿದಾಗ ಬೆಳಗುತ್ತವೆ. ಒಂದು ಹುಳುವಿನ ಬಿಸಿ ಸಾರಕ್ಕೆ ಇನ್ನೊಂದರ ತಣ್ಣನೆಯ ಸಾರ ಬೆರೆಸಿದಾಗಲೂ ಬೆಳಗಿದರೆ ಇಬ್ಬರದೂ ಒಂದೇ ಬಗೆಯ ರಸಾಯನ ಎಂದರ್ಥ.

ಬ್ರೆಜಿಲಿನ ಹುಳುವಿನ ಸಾರಗಳನ್ನು ಆರ್ಫೀಲಿಯದ ಸಾಮಗ್ರಿಯೊಂದಿಗೆ ಹೀಗೆ ಅದಲುಬದಲು ಮಾಡಿದಾಗ ಬೆಳಕು ಬಂತು. ಹೊಸ ಹುಳುವಿನ ಬೆಳಕು 472 ನ್ಯಾನೊಮೀಟರಿನಲ್ಲಿ ತಾರಕಕ್ಕೇರುತ್ತದೆ, ಅಂದರೆ ಅಪ್ಪಟ ನೀಲಿ. ಆರ್ಫೀಲಿಯದ್ದು 460ರ ಹತ್ತಿರ, ಇನ್ನೂ ಗಾಢ. ಸಾವಿರಾರು ಕಿಲೊಮೀಟರ್ ದೂರದ ಎರಡು ಕಾಡುಗಳಲ್ಲಿ ಒಂದೇ ಒಲೆ ಉರಿಯುತ್ತಿದೆ.

ಆದರೆ ಇದೇ ಆರ್ಫೀಲಿಯ ಮತ್ತು ನ್ಯೂಜಿಲೆಂಡಿನ ಹುಳುವಿನ ಬಗೆಯ ಸಾರಗಳು ಪರಸ್ಪರ ಒಗ್ಗುವುದಿಲ್ಲ. ಅರಾಕ್ನೊಕ್ಯಾಂಪಕ್ಕೆ ಮಿಣುಕುಹುಳಕ್ಕೆ ಬೇಕಾಗುವಂತೆ ಎಟಿಪಿ ಎಂಬ ಶಕ್ತಿವಾಹಕ ಅಣು ಬೇಕು, ಬೆಳಕು ಹೊಮ್ಮುವುದು ಕಶ್ಮಲ ಸಾಗಿಸುವ ಮಾಲ್ಪೀಘಿ ನಾಳಗಳ ತುದಿಯಿಂದ. ಆರ್ಫೀಲಿಯಕ್ಕೆ ಎಟಿಪಿ ಬೇಡವೇ ಬೇಡ. ಒಂದೇ ಕುಟುಂಬದಲ್ಲಿ, ಒಂದೇ ಬಣ್ಣದ ದೀಪ ಎರಡು ಸಲ ಬೇರೆ ಬೇರೆಯಾಗಿಯೇ ಹುಟ್ಟಿದೆ. ಬಣ್ಣವನ್ನಷ್ಟೇ ನೋಡಿದವರು ಇವೆಲ್ಲವನ್ನೂ ಒಂದೇ ಸಾಲಿಗೆ ಸೇರಿಸುತ್ತಿದ್ದರು.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ಅದೇ ಸಾವೊ ಪಾಲೊ ರಾಜ್ಯದ ಇಂಟರ್ವಾಲೆಸ್ ಉದ್ಯಾನದಲ್ಲಿ ನಿಯೊಡಿಟೊಮಿಯ ಎಂಬ ಇನ್ನೊಂದು ಸಂಬಂಧಿಯಿದೆ. ಅದರ ಮೈಯಲ್ಲಿ ಲೂಸಿಫೆರಿನ್ ಇದೆ, ಉರಿಸುವ ಕಿಣ್ವವಿಲ್ಲ; ಹಾಗಾಗಿ ಬೆಳಕೂ ಇಲ್ಲ. ದೀಪವೇ ಇಲ್ಲದವರ ಮನೆಯಲ್ಲಿ ಎಣ್ಣೆ ಯಾಕಿದೆ? ಈ ವಸ್ತುವಿಗೆ ಮೈಯೊಳಗೆ ಬೇರೇನೋ ಕೆಲಸ ಮೊದಲೇ ಇದ್ದಿರಬೇಕು, ಬೆಳಗುವುದು ಆಮೇಲೆ ಅಂಟಿಕೊಂಡ ಕಸುಬು ಎಂಬುದೊಂದು ಊಹೆ.