ಬರಿಗೈಯಲ್ಲಿ ಕಿತ್ತರೆ ಮೈಯೆಲ್ಲ ಉರಿ! ಕಾಂಗ್ರೆಸ್ ಗಿಡದ ಕಿತಾಪತಿ

ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಖಾಲಿ ಸೈಟು, ಚರಂಡಿ ದಂಡೆ, ಶಾಲೆ ಮೈದಾನ ಎಲ್ಲೆಂದರಲ್ಲಿ ಬಿಳಿ ಹೂವಿನ ಪಾರ್ಥೇನಿಯಂ ತಲೆಯೆತ್ತುತ್ತದೆ. ಜನ ಕರೆಯೋದು ಕಾಂಗ್ರೆಸ್ ಗಿಡ ಅಂತ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಪರದೇಶಿ ಕಳೆಯನ್ನು ಕರ್ನಾಟಕ ಸರ್ಕಾರ 1975ರಲ್ಲೇ ಪೀಡೆ ಎಂದು ಘೋಷಿಸಿತು. ಕಾಯಿದೆ ಕಡತದಲ್ಲಿದೆ, ಗಿಡ ರಸ್ತೆಯಲ್ಲಿದೆ!

ಕೀಳುವವರು ಪೌರಕಾರ್ಮಿಕರು, ಹೊಲದ ಕೂಲಿಯಾಳುಗಳು. ಮೊದಲ ದಿನ ಏನೂ ಆಗುವುದಿಲ್ಲ. 'ನಂಗೇನೂ ಆಗಲ್ಲ ಬಿಡಿ' ಅನ್ನುವ ಧೈರ್ಯ ಬರುವುದೇ ಅಲ್ಲಿ. ಎಷ್ಟೋ ವರ್ಷ ಕಿತ್ತ ಮೇಲೆ ಒಂದು ದಿನ ಕೆಲವರಿಗೆ ಕಣ್ಣುರೆಪ್ಪೆ ಊದುತ್ತದೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ನವೆ ಶುರುವಾಗುತ್ತದೆ.

ವಿಷ ಏರಿತು ಅಂತ ಜನ ಹೇಳುತ್ತಾರೆ. ನಿಜವಾಗಿ ಉರಿ ಹಚ್ಚುವುದು ನಮ್ಮದೇ ಮೈಕಾವಲಿನ ಕಣಗಳು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಬಲು ಸಣ್ಣದು, ಚರ್ಮದೊಳಗೆ ಸಲೀಸಾಗಿ ನುಸುಳಿ ಅಲ್ಲಿಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದಲ್ಲಿ ಬೀಟ್ ಪೊಲೀಸರ ಹಾಗೆ ತಿರುಗುವ ಲ್ಯಾಂಗರ್‌ಹಾನ್ಸ್ ಕೋಶಗಳಿವೆ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ 1868ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಇವನ್ನು ವರ್ಣಿಸಿದ. ನರದ ಕೋಶ ಅಂದುಕೊಂಡಿದ್ದ, ಅದು ಬೇರೆ ಮಾತು. ಇಂಥ ಕೋಶಗಳು ಹೊಸ ಸರಕಿನ ತುಣುಕು ಹೊತ್ತು ಕಂಕುಳು, ಕುತ್ತಿಗೆಯ ದುಗ್ಧರಸ ಗ್ರಂಥಿಗೆ ಹೋಗಿ ದೂರು ಕೊಡುತ್ತವೆ. ಅದೇ ಠಾಣೆ. ಅಲ್ಲಿರುವ ಟಿ ಜೀವಕೋಶಗಳು ಆಸಾಮಿಯ ಗುರುತು ಹಿಡಿದು, ಹತ್ತು ಹದಿನಾಲ್ಕು ದಿನದಲ್ಲಿ ದಂಡು ಕಟ್ಟುತ್ತವೆ. ಆಮೇಲೆ ಗಿಡ ತಾಕಿದರೆ ಒಂದೆರಡು ದಿನದಲ್ಲೇ ದಂಡು ಚರ್ಮಕ್ಕಿಳಿದು ಲಾಠಿ ಬೀಸುತ್ತದೆ. ಏಟು ಬೀಳೋದು ಮನೆಯವರಿಗೇ!

ಆ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದರೂ ಸಾಕು. ಅದೇ ಕುಟುಂಬದ ಸೇವಂತಿಗೆ ಮುಟ್ಟಿದರೂ ಕೆಲವರಿಗೆ ಕೆರೆತ. ಹೂ ಕಟ್ಟಿ ಬದುಕುವವರ ಗತಿ ಏನು?

1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆ ಬಿಟ್ಟದ್ದೂ ಆಯಿತು. ಅದು ಎಲೆ ಮೇಯುತ್ತದೆ, ಆದರೂ ಗಿಡ ಮುಗಿದಿಲ್ಲ.

ಅನುಮಾನ ಬಂದವರು ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಕೂರದೆ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ಬೆನ್ನಿಗೆ 48 ಗಂಟೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ ಇದೆ. ಕೀಳುವುದಾದರೆ ಹೂ ಬಿಡುವ ಮೊದಲೇ ಕೀಳಬೇಕು. ಕೈಗವಸು, ತುಂಬು ತೋಳಿನ ಅಂಗಿ, ಮುಖಕ್ಕೆ ಬಟ್ಟೆ ಬೇಕು. ಇದನ್ನು ಕೊಡಬೇಕಾದವರು ಪುರಸಭೆಯವರು. ಶ್ರಮದಾನ ಅಂತ ಮಕ್ಕಳನ್ನು ಬರಿಗೈಯಲ್ಲಿ ಮೈದಾನಕ್ಕಿಳಿಸುವ ಮೇಷ್ಟ್ರುಗಳೂ ಸ್ವಲ್ಪ ನೋಡಿಕೊಳ್ಳಲಿ.