ಗ್ರಂಥಾಲಯವೂ ಆರು ಪೈಸೆಯೂ

1951ರ ಅಕ್ಟೋಬರ್ 27ರಂದು ಪಂಡಿತ ನೆಹರೂರವರು ಉದ್ಘಾಟಿಸಿದ ದೆಹಲಿ ಸಾರ್ವಜನಿಕ ಗ್ರಂಥಾಲಯವು ಯುನೆಸ್ಕೋ ನೆರವಿನಿಂದ ಹುಟ್ಟಿದುದು. ಓದುಗನು ಬರಲಾರದಲ್ಲಿಗೆ ಗ್ರಂಥವೇ ಹೋಗಬೇಕೆಂದು 1953ರಲ್ಲಿಯೇ ಅದು ಸಂಚಾರಿ ವಾಹನವನ್ನು ಹೊರಡಿಸಿತು. ಮುಂದೆ ಅಂಧರಿಗಾಗಿ ಬ್ರೈಲ್ ಪುಸ್ತಕಗಳನ್ನೂ ಕೂಡಿಸಿತು.

ಇಂದಿರಾಪುರಂ ಕನ್ನಡಿಗರಾದ ನಾವಾದರೋ ದೆಹಲಿಯಲ್ಲಿ ದುಡಿದರೂ ಉತ್ತರ ಪ್ರದೇಶದ ನಿವಾಸಿಗಳು. ಕರ್ನಾಟಕದಲ್ಲಿ 1965ರ ಶಾಸನದ ಮೇರೆಗೆ ಆಸ್ತಿತೆರಿಗೆಯ ರೂಪಾಯಿಯೊಂದಕ್ಕೆ ಆರು ಪೈಸೆ ಗ್ರಂಥಾಲಯ ಕರವುಂಟು. ಇಲ್ಲಿಯ 2006ರ ಶಾಸನದಲ್ಲಿ ಅಂತಹ ಕರವಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತ ನಾವು ಆರಾರು ಪೈಸೆ ಕೂಡಿದರೆ ಎಷ್ಟಾಗುವುದೆಂಬುದನ್ನು ಬಲ್ಲೆವು.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದ ಮಾತು ಮನೆಯಲ್ಲಿ ದೊರೆಯುತ್ತದೆ, ಅಕ್ಷರ ದೊರೆಯುವುದಿಲ್ಲ. ನಗರಾಡಳಿತವು ಬಡಾವಣೆಗೊಂದು ವಾಚನಾಲಯವನ್ನು ತೆರೆದು ಅದರಲ್ಲಿ ಕನ್ನಡಕ್ಕೆ ಒಂದು ಕಪಾಟನ್ನು ಕೊಡಲಿ. ಅದನ್ನು ತುಂಬುವ ಹೊಣೆ ನಮ್ಮದು.