ಮಲೆನಾಡಿನ ಮನೆ ಮನೆಯಾಗಿಯೇ ಇರಲಿ

ಮೊಸಳೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಕುಟುಂಬಗಳು ಈಗ ಎರಡು ದಿನ ರಜೆ ಸಿಕ್ಕಿದರೆ ಅಜ್ಜಿ, ಮೊಮ್ಮಕ್ಕಳ ಸಮೇತ ಸಕಲೇಶಪುರದ ಗುಡ್ಡದ ಮನೆಗಳಿಗೆ ಹೊರಡುತ್ತವೆ. ಹಾಸನದಿಂದ ಸುಮಾರು 40 ಕಿಲೋಮೀಟರ್ ಹೋದರೆ ರಾಗಿ, ಆಲೂಗಡ್ಡೆಯ ಬಯಲು ಮುಗಿದು ಕಾಫಿ, ಮೆಣಸು, ಏಲಕ್ಕಿಯ ಸೀಮೆ ಬಂದಿರುತ್ತದೆ. ಅಲ್ಲಿ ಒಂದು ರಾತ್ರಿ ತಂಗುವುದು ಸಾರ್ಥಕವಾಗುವುದು ಆ ಮನೆ ಇನ್ನೂ ಮನೆಯಾಗಿದ್ದರೆ ಮಾತ್ರ. ಈಜುಕೊಳ, ಧ್ವನಿವರ್ಧಕ, ಬಣ್ಣದ ದೀಪ ಇವೆಲ್ಲ ಬೆಂಗಳೂರಿನ ಸುತ್ತಮುತ್ತಲೇ ಸಿಗುತ್ತವೆ. ಅವಕ್ಕಾಗಿ ಗುಡ್ಡ ಹತ್ತಬೇಕಿಲ್ಲ.

ಹಳೇ ತೋಟದ ಮನೆಯೊಂದನ್ನು ನಿಂತು ನೋಡಿ. ಜೂನ್‌ನಿಂದ ತಿಂಗಳುಗಟ್ಟಲೆ ಹೊಯ್ಯುವ ಮಳೆ ಎಲ್ಲೂ ನಿಲ್ಲದೆ ಜಾರಿಹೋಗಲೆಂದು ಮಾಡನ್ನು ಕಡಿದಾಗಿ ಇಳಿಸಿರುತ್ತಾರೆ. ಎರಚಲು ಗೋಡೆಗೆ ಬಡಿಯಬಾರದೆಂದು ಸೂರು ಮುಂದಕ್ಕೆ ಚಾಚಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂತು, ನೀರನ್ನು ತಡೆದೂ ಸಂದಿನಲ್ಲಿ ಗಾಳಿಯಾಡಲು ಬಿಡುತ್ತದೆ. ಹಿಂದೆ ಬಚ್ಚಲಮನೆ, ಅಲ್ಲಿ ಮಸಿ ಹಿಡಿದ ತಾಮ್ರದ ಹಂಡೆ. ಅದರ ಒಲೆಗೆ ಮರಗಸಿ ಮಾಡುವಾಗ ಬಿದ್ದ ನೆರಳುಮರದ ಕೊಂಬೆಗಳೇ ಸೌದೆ. ಅಕ್ಕಿರೊಟ್ಟಿ, ಕಳಲೆ ಸಾರು ಒಲೆಯಿಂದ ನೇರ ತಟ್ಟೆಗೆ ಬರುತ್ತವೆ. ಮಳೆ, ತೋಟ, ಅಡುಗೆ ಒಂದಕ್ಕೊಂದು ಹೆಣೆದುಕೊಂಡ ಈ ಬದುಕನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಬಯಲಿನವರಿಗೆ ಇನ್ನೂ ಹತ್ತಿರದ ಸಂಗತಿ ನೀರು. ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ ಸಕಲೇಶಪುರವನ್ನು ಹಾದುಬರುವ ಹೇಮಾವತಿಯೇ ಗೊರೂರು ಅಣೆಕಟ್ಟೆಯಲ್ಲಿ ನಿಂತು, ನಾಲೆಗಳಲ್ಲಿ ನಮ್ಮ ಗದ್ದೆಗಳಿಗೆ ಇಳಿಯುತ್ತದೆ. ಆ ಗುಡ್ಡ, ಆ ಸೋನೆ ನಮಗೆ ಪರಕೀಯವಲ್ಲ.

ವಯಸ್ಸಾದವರಿಗೆ, ಕೂಸುಗಳಿಗೆ ಇಂಥ ಮನೆ ಕಷ್ಟ ಎನ್ನುವವರ ಮಾತು ಸುಳ್ಳಲ್ಲ. ಕೂರುವ ಶೌಚಾಲಯ, ಬೆಚ್ಚನೆಯ ಕಂಬಳಿ, ರಾತ್ರಿ ಉರಿಯುವ ದೀಪ ಇರಲೇಬೇಕು. ಇವನ್ನು ಮಾಡಿಕೊಟ್ಟರೆ ಹಳೇ ಮನೆಗೇನೂ ಊನವಾಗದು. ಕಾಫಿ ಬೆಲೆ ಏರಿಳಿಯುವಾಗ ಬೆಳೆಗಾರನಿಗೆ ಇನ್ನೊಂದು ಆದಾಯ ಬೇಡವೇ ಎಂಬುದು ಅದಕ್ಕಿಂತ ತೂಕದ ಪ್ರಶ್ನೆ. ಖಂಡಿತ ಬೇಕು. ಆದರೆ ಖಾಲಿ ಇರುವ ಎರಡು ಕೋಣೆಯನ್ನು ಅತಿಥಿಗಳಿಗೆ ಕೊಡುವುದು ಬೇರೆ, ಜೆಸಿಬಿ ತಂದು ಇಳಿಜಾರನ್ನು ಕಡಿದು ಸಾಲು ಕಾಟೇಜ್ ಎಬ್ಬಿಸುವುದು ಬೇರೆ. ಕಡಿದ ಗುಡ್ಡ ಮಳೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಹೆದ್ದಾರಿಯ ಮೇಲೆ ಬಿದ್ದ ಮಣ್ಣೇ ತೋರಿಸಿತು. ಆನೆಗಳ ಮಾತು ಇನ್ನೂ ಗಂಭೀರ. ಸಕಲೇಶಪುರ, ಆಲೂರು ಕಡೆ ಕಾಡಾನೆ ದಾಳಿಗೆ ಜನ ಪ್ರಾಣ ಕಳೆದುಕೊಂಡಿದ್ದಾರೆ. ಕತ್ತಲಾದ ಮೇಲೆ ತೋಟದ ದಾರಿಗೆ ಇಳಿಯಬೇಡಿ ಎಂದು ಅತಿಥಿಯನ್ನು ತಡೆಯಬಲ್ಲವರು ಅಲ್ಲೇ ಹುಟ್ಟಿ ಬೆಳೆದ ಮನೆಯವರು, ಸಂಬಳದ ಮ್ಯಾನೇಜರ್ ಅಲ್ಲ.

ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು, ಕೋಣೆಗಳು ಆರಕ್ಕೆ ಮೀರಬಾರದು ಎಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾರ್ಗಸೂಚಿ ಹೇಳುವುದು ಅದಕ್ಕೇ. ಅದನ್ನು ಪಾಲಿಸುವಂತೆ ಮಾಡುವ ಶಕ್ತಿ ಅಧಿಕಾರಿಗಳಿಗಿಂತ ಮೊದಲು ದುಡ್ಡು ಕೊಡುವ ನಮ್ಮ ಕೈಯಲ್ಲಿದೆ. ಕೋಣೆ ಕಾದಿರಿಸಲು ಫೋನ್ ಮಾಡಿದಾಗ ವೈಫೈ ಇದೆಯೇ ಎನ್ನುವುದಕ್ಕಿಂತ ಮುಂಚೆ, ಆ ಮನೆಯಲ್ಲಿ ಯಾರಿರುತ್ತಾರೆ, ಅಡುಗೆ ಯಾರದು ಎಂದು ಕೇಳಿ.